ಸ್ಟ್ರೋಕ್ ಆದೋರನ್ನ ಮನೆಗೆ ಕಳ್ಸೋರಿಗೆ ಒಂದು ಬಹಿರಂಗ ಪತ್ರ

ಸ್ಟ್ರೋಕ್ ಆದೋರ ಆರೈಕೆ ಕೇಂದ್ರಗಳನ್ನ ನಡೆಸೋರಿಗೆ, ಡಿಸ್ಚಾರ್ಜ್ ಡೇಟ್ ಬರೆಯೋ ಡಾಕ್ಟರುಗಳಿಗೆ, ಇನ್ನೆಷ್ಟು ದಿನಕ್ಕೆ ದುಡ್ಡು ಕೊಡ್ತೀವಿ ಅಂತ ತೀರ್ಮಾನ ಮಾಡೋ ಇನ್ಶೂರೆನ್ಸ್‌ನೋರಿಗೆ, ಇದಕ್ಕೆಲ್ಲ ನಿಯಮ ಮಾಡೋ ಆರೋಗ್ಯ ಇಲಾಖೆ ಅಧಿಕಾರಿಗಳಿಗೆ,

ನಮಸ್ಕಾರ.

ನಿಮ್ಮನ್ನೆಲ್ಲ ಒಂದು ಕಡೆ ಕೂರಿಸಿ ಮಾತಾಡೋಕೆ ನನ್ನಂಥೋರಿಗೆ ದಾರಿ ಇಲ್ಲ, ಅದಕ್ಕೇ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಬರೀತಿದೀನಿ. ಸ್ಟ್ರೋಕ್ ಹೊಡೆದು ಆಸ್ಪತ್ರೆಲಿದ್ದು, ಅಲ್ಲಿಂದ ನಿಮ್ಮ ಕೇಂದ್ರಕ್ಕೆ ಬಂದು, ವಾರಗಟ್ಟಲೆ ತಿಂಗಳುಗಟ್ಟಲೆ ಇದ್ದು ಕೊನೆಗೆ ಮನೆಗೆ ಹೊರಡ್ತಾರಲ್ಲ, ಆ ಹೊರಡೋದನ್ನ ನೀವು ಚಿಕಿತ್ಸೆ ಎಲ್ಲ ಮುಗಿದ ಮೇಲಿನ ಒಂದು ಪೇಪರ್ ಕೆಲಸ ಅಂದ್ಕೊಂಡಿದೀರ. ದಯವಿಟ್ಟು ಹಾಗೆ ಅಂದ್ಕೋಬೇಡಿ. ಮನೆ ಸೇರಿಸೋದೂ ಚಿಕಿತ್ಸೆನೇ, ಅದ್ರಲ್ಲೂ ಎಲ್ಲಕ್ಕಿಂತ ಕಷ್ಟದ ಭಾಗ. ಮಾತ್ರೆ ಕೊಡೋಕೆ ಒಬ್ರು, ನಡೆಸೋಕೆ ಒಬ್ರು ಅಂತ ಹೇಗೆ ಜವಾಬ್ದಾರಿ ಹಂಚಿರ್ತೀರೋ ಹಾಗೇ ಮನೆ ಸೇರಿಸೋಕೂ ಒಬ್ರು ಇರಬೇಕು, ಆ ಜೀವ ಮನೇಲಿ ಹೊಂದ್ಕೊಳ್ಳೋವರೆಗೂ ಅವರ ಜವಾಬ್ದಾರಿ ಮುಗೀಬಾರದು. ನಾನು ಕೇಳ್ತಿರೋದು ಇಷ್ಟೇ, ಮುಂದೆ ಬರೆದಿರೋದೆಲ್ಲ ಯಾಕೆ ಕೇಳ್ತಿದೀನಿ ಅನ್ನೋದು.

ನಮ್ಮ ಅಪ್ಪಂಗೆ ಮೆದುಳಿನ ಎಡಭಾಗಕ್ಕೆ ರಕ್ತ ಹೋಗೋ ನಾಳ ಬ್ಲಾಕ್ ಆಗಿ ಸ್ಟ್ರೋಕ್ ಆಯ್ತು. ಬಲಗೈ ಬಲಗಾಲಲ್ಲಿ ಶಕ್ತಿ ಹೋಯ್ತು, ಜೊತೆಗೆ ಮಾತೂ ಹೋಯ್ತು. ಆಸ್ಪತ್ರೆಯಿಂದ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದ್ವಿ, ಬಹಳ ದಿನ ಅಲ್ಲೇ ಇದ್ರು, ಆಮೇಲೆ ಮನೆಗೆ ಬಂದ್ರು, ಈಗ ಮನೇಲೇ ಇದಾರೆ. ಅಲ್ಲಿನ ಫಿಸಿಯೋ ಹುಡುಗ್ರು ಬೆವರು ಸುರಿಸಿ ಅಪ್ಪನ್ನ ಎದ್ದು ನಿಲ್ಲೋ ಹಾಗೆ ಮಾಡಿದ್ರು, ರಾತ್ರಿ ಪಾಳಿ ನರ್ಸುಗಳು ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಒಂದೇ ಒಂದು ಬೆಡ್ ಸೋರ್ ಆಗದ ಹಾಗೆ ನೋಡ್ಕೊಂಡ್ರು, ಅದನ್ನ ನಾನು ಬದುಕಿರೋವರೆಗೂ ಮರೆಯಲ್ಲ. ಆದ್ರೆ ಅಷ್ಟು ಚೆನ್ನಾಗಿ ನೋಡ್ಕೊಂಡ ಅದೇ ಜಾಗದಿಂದ ಒಂದಿನ ಸಂಜೆ ಫೋನ್ ಬಂತು, "ನಾಳಿದ್ದು ಬಂದು ಕರ್ಕೊಂಡು ಹೋಗಿ, ಇನ್ನೇನು ಇಂಪ್ರೂವ್‌ಮೆಂಟ್ ಕಾಣ್ತಿಲ್ಲ, ಹೇಗೂ ಮನೇಲಿ ನೋಡ್ಕೊಳ್ಳೋರು ಇದೀರಲ್ಲ" ಅಂತ. ಇದು ನಮ್ಮೊಬ್ಬರಿಗೆ ಬಂದ ಫೋನಲ್ಲ, ಕಾರಿಡಾರಲ್ಲಿ ಕೂತಿರ್ತಿದ್ದ ಬೇರೆ ಮನೆಯೋರಿಗೂ ಇದೇ ಮಾತು ಹೇಳಿದ್ರು, ಅದಕ್ಕೇ ಆ ಮಾತನ್ನೇ ಹಿಡ್ಕೊಂಡು ಬರೀತೀನಿ.

ಮೊದಲು ಆ ಇಂಪ್ರೂವ್‌ಮೆಂಟ್ ವಿಷಯ. ಸ್ಟ್ರೋಕ್ ಆದ ಮೊದಲ ಮೂರು ತಿಂಗಳು ಸುಧಾರಣೆ ಜೋರಾಗಿರುತ್ತೆ, ಆಮೇಲೆ ನಿಧಾನ ಆಗುತ್ತೆ, ಅದು ನಿಜ. ಆದ್ರೆ ನಿಧಾನ ಆಯ್ತು ಅಂದ್ರೆ ನಿಂತೋಯ್ತು ಅಂತ ಯಾರು ಹೇಳಿದ್ದು? 2006ರಲ್ಲಿ ಎಕ್ಸೈಟ್ ಅನ್ನೋ ಅಧ್ಯಯನದ ಫಲಿತಾಂಶ ಬಂತು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳು ಕಳೆದಿದ್ದ, ಮಣಿಕಟ್ಟು ಬೆರಳು ಸ್ವಲ್ಪನಾದ್ರೂ ಆಡ್ತಿದ್ದ 222 ಜನರನ್ನ ತಗೊಂಡು, ಒಂದು ಗುಂಪಿಗೆ ಚೆನ್ನಾಗಿರೋ ಕೈಗೆ ದಪ್ಪ ಗವಸು ಹಾಕಿ ಕಟ್ಟಿಹಾಕಿದ ಹಾಗೆ ಮಾಡಿ, ಸೋತಿರೋ ಕೈಯಲ್ಲೇ ಕೆಲಸ ಮಾಡಿಸಿದ್ರು, ಎರಡು ವಾರ, ದಿನಾ ಗಂಟೆಗಟ್ಟಲೆ. ಆ ಕೈ ಸುಧಾರಿಸ್ತು, ಒಂದು ವರ್ಷ ಬಿಟ್ಟು ನೋಡಿದಾಗ್ಲೂ ಆ ಸುಧಾರಣೆ ಉಳಿದಿತ್ತು. ನಿಮ್ಮ ಲೆಕ್ಕದಲ್ಲಿ ಅವರೆಲ್ಲ ಫೈಲ್ ಮುಚ್ಚಿಯಾಗಿರೋ ಜನ. ವಾರಕ್ಕೊಂದ್ಸಲ ಸ್ಕೋರ್ ಬರೆದು ನಂಬರ್ ಮೇಲೆ ಹೋಗಿಲ್ಲ ಅಂತ ಕಳ್ಸಿಬಿಟ್ರೆ ಮನೆಯೋರು ಏನು ತಿಳ್ಕೋತಾರೆ ಗೊತ್ತಾ, ಇನ್ನು ಇವರು ಇಷ್ಟೇ ಅಂತ. ಎಕ್ಸರ್‌ಸೈಜ್ ನಿಲ್ಲಿಸ್ತಾರೆ, ಮಲಗಿಸಿಬಿಡ್ತಾರೆ. ಡಾಕ್ಟರ್ ಬಾಯಿಂದ ಬಂದ ಆ ಒಂದು ವಾಕ್ಯ ಮನೇಲಿ ವರ್ಷಗಟ್ಟಲೆ ಕೆಲಸ ಮಾಡುತ್ತೆ, ಅದಕ್ಕೇ ದಯವಿಟ್ಟು ನೋಡಿ ಮಾತಾಡಿ. ಇಲ್ಲಿ ಇಡ್ಕೊಳ್ಳೋಕೆ ಆಗಲ್ಲ ಅಂದ್ರೆ ಹಾಗೇ ಹೇಳಿ, ಒಪ್ಕೋತೀವಿ, ರೋಗಿ ಮೇಲೆ ಹಾಕ್ಬೇಡಿ.

ಇನ್ನು ಎರಡನೇ ಮಾತು, ನೋಡ್ಕೊಳ್ಳೋರು ಇದೀರಲ್ಲ ಅನ್ನೋದು. ಇದೀವಿ, ಪ್ರೀತಿಯಿಂದಲೇ ಇದೀವಿ. ಆದ್ರೆ ನಿಮ್ಮಲ್ಲಿ ಮೂರು ಪಾಳಿ ಜನ ಮಾಡ್ತಿದ್ದ ಕೆಲಸನ ಮನೇಲಿ ಒಬ್ರು ಇಬ್ರು ಮಾಡ್ಬೇಕು, ಅದೂ ನಿದ್ದೆ ಇಲ್ಲದೆ, ಕಲಿಸೋರು ಇಲ್ಲದೆ. ಪ್ರೀತಿ ಇದ್ರೆ ಥೆರಪಿಸ್ಟ್ ಬೇಡ ಅನ್ನೋ ಲೆಕ್ಕ ಸರಿಯಿಲ್ಲ ಅಂತ ಪರೀಕ್ಷೆ ಮಾಡಿ ನೋಡಿಯೂ ಆಗಿದೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಅಟೆಂಡ್ ಅನ್ನೋ ಅಧ್ಯಯನ ನಡೀತು, 2017ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಮನೆಯೋರಿಗೇ ತರಬೇತಿ ಕೊಟ್ಟು ಮನೇಲಿ ಪುನಶ್ಚೇತನ ಮಾಡೋಕೆ ಹೇಳಿದ್ರು, ಆರು ತಿಂಗಳ ನಂತರ ನೋಡಿದ್ರೆ ಮಾಮೂಲಿ ಆರೈಕೆ ಪಡೆದೋರಿಗೂ ಇವರಿಗೂ ಹೇಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಇದನ್ನ ಓದಿ ಮನೆಯೋರಿಗೆ ಕಲಿಸೋದೇ ದಂಡ ಅಂತ ಅಂದ್ಕೋಬೇಡಿ, ನಾನು ಅರ್ಥ ಮಾಡ್ಕೊಂಡಿದ್ದು ಬೇರೆ, ಮನೆಯೋರು ಥೆರಪಿಸ್ಟ್ ಜೊತೆಗಿರಬೇಕು, ಥೆರಪಿಸ್ಟ್ ಬದಲಿಗೆ ನಿಲ್ಲೋಕಾಗಲ್ಲ. ಇನ್ನೊಂದು ಕಡೆ, ಸ್ವಲ್ಪ ಬೇಗನೇ ಮನೆಗೆ ಕಳ್ಸಿ ಸ್ಟ್ರೋಕ್ ಗೊತ್ತಿರೋ ಫಿಸಿಯೋ, ಆಕ್ಯುಪೇಷನಲ್ ಥೆರಪಿಸ್ಟ್ (ಊಟ, ಸ್ನಾನ, ಬಟ್ಟೆ ಥರದ ದಿನದ ಕೆಲಸ ಮತ್ತೆ ಮಾಡೋಕೆ ಕಲಿಸೋರು), ಸ್ಪೀಚ್ ಥೆರಪಿಸ್ಟ್, ನರ್ಸ್ ಎಲ್ಲ ಸೇರಿದ ತಂಡನೇ ಮನೆಗೆ ಬಂದು ಮುಂದುವರಿಸೋ ಪದ್ಧತಿ ಇದೆಯಲ್ಲ, ಅದನ್ನ ಹಲವು ದೇಶಗಳಲ್ಲಿ ಪರೀಕ್ಷೆ ಮಾಡಿದಾರೆ, ಸ್ಟ್ರೋಕ್ ಸಾಧಾರಣ ಮಟ್ಟದ್ದಾಗಿದ್ರೆ ಆಸ್ಪತ್ರೆ ದಿನಗಳೂ ಕಮ್ಮಿ ಆಗ್ತವೆ, ಬೇರೆಯೋರ ಮೇಲೆ ಅವಲಂಬಿಸೋದೂ ಕಮ್ಮಿ ಆಗುತ್ತೆ ಅಂತ ಕಂಡಿದೆ. ಅಂದ್ರೆ ಬೇಗ ಕಳ್ಸೋದು ತಪ್ಪಲ್ಲ, ಕಳ್ಸಿ ಕೈ ತೊಳ್ಕೊಳ್ಳೋದು ತಪ್ಪು.

ಈಗ ಮನೆ ವಿಷಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ ಯಾಕಂದ್ರೆ ಅತಿ ಸುಲಭವಾಗಿ ಸರಿ ಮಾಡಬಹುದಾದದ್ದು ಇದೇ, ಯಾರೂ ಮಾಡದೇ ಇರೋದೂ ಇದೇ.

ದಿನದ ಕೆಲಸ ಎಷ್ಟು ತಾವೇ ಮಾಡ್ಕೋತಾರೆ ಅಂತ ಅಳೆಯೋ ಬಾರ್ತೆಲ್ ಇಂಡೆಕ್ಸ್ ಅಂತ ಒಂದು 1965ರಿಂದ ಬಳಕೇಲಿದೆ, ಊಟ, ಸ್ನಾನ, ಬಟ್ಟೆ, ಟಾಯ್ಲೆಟ್, ಮೆಟ್ಟಿಲು ಹೀಗೆ 10 ವಿಷಯ, ಒಟ್ಟು 100 ಅಂಕ. ಅದ್ರಲ್ಲಿ ಒಳ್ಳೆ ಅಂಕ ಬಂದ್ರೆ ಮನೆಗೆ ರೆಡಿ ಅಂತೀರ. ಆದ್ರೆ ಆ ಅಂಕ ಬಂದಿದ್ದು ಎಲ್ಲಿ? ಸಮತಟ್ಟಾದ ನೆಲ, ಅಗಲ ಬಾಗಿಲು, ಎರಡೂ ಕಡೆ ಹಿಡಿ, ಎತ್ತರದ ಕಮೋಡ್, ಕೈಗೆಟುಕೋ ಬೆಲ್ಲು ಇರೋ ಜಾಗದಲ್ಲಿ. ಅದೇ ಮನುಷ್ಯ ಮನೆಗೆ ಬಂದ್ರೆ ಹೊಸ್ತಿಲು ಇರುತ್ತೆ, ತಗ್ಗು ಮಂಚ ಇರುತ್ತೆ, ಇಕ್ಕಟ್ಟು ಬಾತ್‌ರೂಮು ಇರುತ್ತೆ. ಮಾಮೂಲಿ ವೀಲ್ ಚೇರ್ ಅಗಲ ಸುಮಾರು 25 ಇಂಚು, ಎಷ್ಟೋ ಮನೆಗಳಲ್ಲಿ ಬಾತ್‌ರೂಮ್ ಬಾಗಿಲು ಇರೋದೇ 24 ಇಂಚು. ಆ ಒಂದು ಇಂಚಿಗೋಸ್ಕರ ಚೆನ್ನಾಗಿ ಕೂತು ಟಾಯ್ಲೆಟ್‌ಗೆ ಹೋಗ್ತಿದ್ದೋರು ಡಯಾಪರ್ ಹಾಕ್ಕೊಂಡು ಮಲಗಬೇಕಾಗುತ್ತೆ. ಮನೆ ಮುಂದೆ ಎರಡು ಮೆಟ್ಟಿಲಿದ್ರೆ ಹಲಗೆ ಹಾಕ್ಕೊಳ್ಳಿ ಅಂತ ಬಾಯಿಮಾತಲ್ಲಿ ಹೇಳಿ ಕಳ್ಸ್ತೀರ, ರ್‍ಯಾಂಪ್ ಇಳಿಜಾರು 1:12 ಇರ್ಬೇಕು, ಒಂದಡಿ ಎತ್ತರಕ್ಕೆ 12 ಅಡಿ ಉದ್ದ, ಅಷ್ಟು ಜಾಗ ಇದೆಯಾ ಅಂತ ಯಾರೂ ಕೇಳಲ್ಲ, ಕಡಿದಾದ ಹಲಗೆ ಮೇಲೆ ವೀಲ್ ಚೇರ್ ಇಳಿಸೋದು ಎಷ್ಟು ಅಪಾಯ ಅಂತ ಇಳಿಸಿದೋರಿಗೇ ಗೊತ್ತು.

ಇನ್ನೂ ಸೂಕ್ಷ್ಮ ವಿಷಯ ಇದಾವೆ, ಇದನ್ನೆಲ್ಲ ಮನೆ ನೋಡಿದ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ರು ಮಾತ್ರ ಹೇಳೋಕೆ ಸಾಧ್ಯ. ಬಲಗಡೆ ಸೋತಿರೋರಿಗೆ ಕಮೋಡ್ ಪಕ್ಕದ ಹಿಡಿ ಎಡಗಡೆ ಇರ್ಬೇಕು, ಗೋಡೆ ಇರೋದು ಬಲಗಡೆ ಅಂತ ಅಲ್ಲಿ ಹಾಕ್ಸಿದ್ರೆ ಅದು ಗೋಡೆಗೆ ಅಲಂಕಾರ ಅಷ್ಟೇ. ಮೆಟ್ಟಿಲಿಗೆ ಒಂದೇ ಕಡೆ ಕಂಬಿ ಇದ್ರೆ ಹತ್ತೋವಾಗ ಸಿಗೋ ಕಂಬಿ ಇಳಿಯೋವಾಗ ಸೋತ ಕೈ ಕಡೆ ಬರುತ್ತೆ, ಎರಡೂ ಕಡೆ ಬೇಕು. ಹತ್ತೋವಾಗ ಗಟ್ಟಿ ಕಾಲು ಮೊದಲು, ಇಳಿಯೋವಾಗ ಸೋತ ಕಾಲು ಮೊದಲು ಅಂತ ನಿಮ್ಮ ಫಿಸಿಯೋ ಹೇಳ್ಕೊಟ್ಟಿರ್ತಾರೆ, ಆದ್ರೆ ಆ ಮನೆ ಮೆಟ್ಟಿಲಲ್ಲಿ ಹತ್ತಿಸಿ ನೋಡಿರಲ್ಲ. ಮಂಚದ ಅಂಚಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ 90 ಡಿಗ್ರಿಗೆ ಬಗ್ಗೋ ಎತ್ತರ ಇರ್ಬೇಕು, ತೀರಾ ತಗ್ಗಿದ್ರೆ ಏಳೋಕಾಗಲ್ಲ, ಎತ್ತರ ಇದ್ರೆ ಜಾರ್ತಾರೆ. ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದೋರ ಕಥೆ ಇನ್ನೊಂಥರ, ಕೆಲವರಿಗೆ ಎಡಗಡೆ ಅನ್ನೋದೇ ಗಮನಕ್ಕೆ ಬರಲ್ಲ, ತಟ್ಟೆಯಲ್ಲಿ ಎಡಭಾಗದ ಊಟ ಹಾಗೇ ಉಳಿದಿರುತ್ತೆ, ಎಡಗೈ ವೀಲ್ ಚೇರ್ ಚಕ್ರಕ್ಕೆ ಸಿಕ್ಕಿದ್ರೂ ಗೊತ್ತಾಗಲ್ಲ, ತಮಗೆ ನಡೆಯೋಕಾಗಲ್ಲ ಅನ್ನೋದೇ ಗೊತ್ತಿಲ್ಲದೆ ಧಡಕ್ಕನೆ ಎದ್ದು ಬೀಳ್ತಾರೆ. ಅಂಥೋರನ್ನ ನೋಡ್ಕೊಳ್ಳೋರಿಗೆ ಇದು ಹಠ ಅಲ್ಲ ಸ್ಟ್ರೋಕಿಂದ ಬಂದ ತೊಂದರೆ ಅಂತ ಕೂತು ವಿವರಿಸದೇ ಹೋದ್ರೆ ಪಾಪ ಮನೆಯೋರು ಗದರ್ತಾನೇ ಇರ್ತಾರೆ.

ಅದಕ್ಕೇ ಕೇಳ್ತಿರೋದು, ಸೇರಿಸ್ಕೊಂಡ ಮೊದಲ ವಾರದಲ್ಲೇ ಮನೆಯೋರ ಕೈಗೆ ಅಳತೆ ಟೇಪ್ ಕೊಡಿ. ಬಾಗಿಲು, ಮಂಚ, ಹೊಸ್ತಿಲು, ಮೆಟ್ಟಿಲು ಅಳೆದು ಫೋಟೋ ವಿಡಿಯೋ ಕಳ್ಸೋಕೆ ಹೇಳಿ. ಆಮೇಲೆ ಆ ಮನೆಗೆ ಬೇಕಾದ ಹಾಗೆ ಪ್ರಾಕ್ಟೀಸ್ ಮಾಡ್ಸಿ, ತಗ್ಗು ಮಂಚ ಇದ್ರೆ ತಗ್ಗು ಮಂಚದಿಂದ ಏಳೋದು ಕಲ್ಸಿ. ಡಿಸ್ಚಾರ್ಜ್‌ಗೆ ಮುಂಚೆ ಒಂದು ಹಗಲು ಮನೆಗೆ ಕರ್ಕೊಂಡು ಹೋಗಿ ಬರೋಕೆ ಬಿಡಿ, ಸಾಧ್ಯ ಆದ್ರೆ ಒಂದು ರಾತ್ರಿನೂ ಇದ್ದು ಬರ್ಲಿ. ಆ ಒಂದು ರಾತ್ರೀಲಿ ಯಾವ ಮೀಟಿಂಗಲ್ಲೂ ಗೊತ್ತಾಗದ ಸಂಗತಿ ಗೊತ್ತಾಗ್ತವೆ, ರಾತ್ರಿ ಎಷ್ಟು ಸಲ ಏಳ್ತಾರೆ, ಯಾರು ಎಬ್ಬಿಸ್ಬೇಕು, ಕತ್ತಲಲ್ಲಿ ಸ್ವಿಚ್ ಯಾವ ಕೈಗೆ ಸಿಗುತ್ತೆ, ಎಲ್ಲಾ.

ಕಲಿಸೋದು ಅಂದೆನಲ್ಲ, ಅದು ಕೊನೆ ದಿನ ಕೈಗೆ ಕೊಡೋ ಹಾಳೆಯಿಂದ ಆಗಲ್ಲ. ನಮ್ಮ ಅಮ್ಮಂಗೆ ಅದೇ ಕೊಟ್ರು, ಚಿಕ್ಕ ಅಕ್ಷರ, ಗೊತ್ತಿಲ್ಲದ ಶಬ್ದ. ಸೋತ ಕೈ ಹಿಡಿದು ಎಳೆದು ಎಬ್ಬಿಸಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು ಅನ್ನೋದನ್ನ ಓದಿದ್ರೆ ಸಾಲಲ್ಲ, ಆ ಭುಜದ ಕೀಲನ್ನ ಹಿಡಿದಿಡೋ ಸ್ನಾಯುಗಳೇ ಸೋತಿರೋದ್ರಿಂದ ಅದು ಜಾರುತ್ತೆ, ಒಂದ್ಸಲ ಜಾರಿದ್ರೆ ನೋವು ತಿಂಗಳುಗಟ್ಟಲೆ ಕಾಡುತ್ತೆ, ಹಾಗಾದ್ರೆ ಎಲ್ಲಿ ಹಿಡಿದು ಎಬ್ಬಿಸ್ಬೇಕು ಅಂತ ಅಮ್ಮನ ಕೈಯಲ್ಲೇ ಮಾಡಿಸಿ ನೀವು ಪಕ್ಕದಲ್ಲಿ ನಿಂತು ನೋಡ್ಬೇಕು. ಅಂಗಿ ಹಾಕೋವಾಗ ಸೋತ ಕೈ ಮೊದಲು, ತೆಗೆಯೋವಾಗ ಅದೇ ಕೊನೆಗೆ, ಇದನ್ನ ನಮಗೆ ಹೇಳ್ಕೊಟ್ಟಿದ್ದು ಪಕ್ಕದ ಬೆಡ್ಡಿನೋರ ಹೆಂಡತಿ! ನುಂಗೋ ವಿಷಯ ಅಂತೂ ಪ್ರಾಣಕ್ಕೆ ಸಂಬಂಧಿಸಿದ್ದು. ಸ್ಟ್ರೋಕ್ ಆದ ಹೊಸದ್ರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗೋ ತೊಂದರೆ ಇರುತ್ತೆ, ಕೆಲವರಿಗೆ ತಿಂಗಳಾದ್ರೂ ಹೋಗಲ್ಲ. ನೀರು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ, ಕೆಲವರಿಗೆ ಕೆಮ್ಮೂ ಬರಲ್ಲ, ಸದ್ದಿಲ್ಲದೆ ಇಳಿದುಬಿಡುತ್ತೆ. ನೇರ ಕೂರಿಸಿ ಕೊಡಬೇಕು, ಚಿಕ್ಕ ಚಿಕ್ಕ ಗುಟುಕು, ನುಂಗಿದ್ರಾ ಅಂತ ನೋಡಿ ಮುಂದಿನದು, ಊಟ ಆದ್ಮೇಲೆ ಅರ್ಧ ಗಂಟೆ ಮಲಗಿಸಬಾರದು, ನೀರಿಗೆ ಪುಡಿ ಬೆರೆಸಿ ಗಟ್ಟಿ ಮಾಡಿ ಅಂದಿದ್ರೆ ಎಷ್ಟು ಗಟ್ಟಿ ಅಂತ ಚಮಚದಲ್ಲಿ ಎತ್ತಿ ತೋರಿಸ್ಬೇಕು. 'ಥಿಕ್ ಲಿಕ್ವಿಡ್' ಅಂತ ಬರೆದು ಕಳ್ಸಿದ್ರೆ ಒಬ್ಬೊಬ್ರು ಒಂದೊಂಥರ ಮಾಡ್ತಾರೆ. ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ನಳಿಕೆ) ಅಥವಾ ಯೂರಿನ್ ಟ್ಯೂಬ್ ಜೊತೆ ಕಳ್ಸ್ತಿದ್ರೆ ಅದನ್ನ ಯಾರು ಯಾವಾಗ ಬದಲಾಯಿಸ್ತಾರೆ, ತೆಗೆದುಬಿಡೋಕೆ ಆಗುತ್ತಾ ಅಂತ ಯಾವಾಗ ನೋಡ್ತಾರೆ ಅನ್ನೋದು ಹೊರಡೋ ಮುಂಚೆ ಬರೆದಿರ್ಬೇಕು.

ಮಾತ್ರೆ ಬಗ್ಗೆ ಜಾಸ್ತಿ ಬರೆಯಲ್ಲ, ಒಂದೇ ಒಂದು ಪಟ್ಟಿ ಕೊಡಿ ಸಾಕು. ಆಸ್ಪತ್ರೆ ಚೀಟಿ ಒಂದು, ನಿಮ್ಮ ಚೀಟಿ ಇನ್ನೊಂದು, ಮೊದಲಿಂದ ತಗೋತಿದ್ದ ಬಿಪಿ ಶುಗರ್ ಮಾತ್ರೆ ಮತ್ತೊಂದು, ಒಂದೇ ಔಷಧಿ ಬೇರೆ ಬೇರೆ ಕಂಪನಿ ಹೆಸರಲ್ಲಿ ಎರಡು ಸಲ ಹೊಟ್ಟೆಗೆ ಹೋಗ್ತಿರುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಕ್ಲೋಪಿಡೋಗ್ರೆಲ್ ಎರಡೂ ಕೊಟ್ಟಿದ್ರೆ ಒಂದನ್ನ ಯಾವತ್ತು ನಿಲ್ಲಿಸ್ಬೇಕು ಅಂತ ತಾರೀಖು ಹಾಕಿ, ಎರಡೂ ಸುಮ್ನೆ ಮುಂದುವರೆದ್ರೆ ರಕ್ತಸ್ರಾವದ ಭಯ. ರಕ್ತ ತೆಳು ಮಾಡೋ ವಾರ್ಫರಿನ್ ಇದ್ರೆ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಎಲ್ಲಿ, ಯಾವಾಗ, ರಿಪೋರ್ಟ್ ಯಾರಿಗೆ ತೋರಿಸ್ಬೇಕು ಬರೆಯಿರಿ. ಸ್ನಾಯು ಬಿಗಿತಕ್ಕೆ ಬ್ಯಾಕ್ಲೋಫೆನ್ ಕೊಟ್ಟಿದ್ರೆ ಮಾತ್ರೆ ಖಾಲಿ ಆಯ್ತು ಅಂತ ಧಿಡೀರ್ ನಿಲ್ಲಿಸಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಈಗ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ವಿಷಯ. ಹೋಗೋ ಮನುಷ್ಯನನ್ನ ಯಾರು ಕೇಳಿದ್ರು?

ಅಪ್ಪಂಗೆ ಅಫೇಸಿಯಾ ಇದೆ. ಮಾತು ಬರಲ್ಲ, ಬೇರೆಯೋರ ಉದ್ದುದ್ದ ವಾಕ್ಯ ಪೂರ್ತಿ ತಲೆಗೆ ಹೋಗಲ್ಲ, ಆದ್ರೆ ಬುದ್ಧಿ ಎಲ್ಲೂ ಹೋಗಿಲ್ಲ. ಯಾರು ತಮ್ಮೋರು ಯಾರು ಹೊರಗಿನೋರು, ಯಾರು ಕಾಳಜಿಯಿಂದ ಮುಟ್ತಾರೆ ಯಾರು ಅವಸರದಲ್ಲಿ ಮುಟ್ತಾರೆ, ಎಲ್ಲಾ ಗೊತ್ತಾಗುತ್ತೆ. ಬೆಳಗ್ಗೆ ರೌಂಡ್ಸ್‌ನಲ್ಲಿ ಐದಾರು ಜನ ಬೆಡ್ ಸುತ್ತ ನಿಂತು "ಮನೆಗೆ ಹೋಗ್ತೀರಾ" ಅಂದ್ರೆ ತಲೆ ಆಡಿಸ್ತಿದ್ರು, "ಇಲ್ಲೇ ಇರ್ತೀರಾ" ಅಂದ್ರೂ ತಲೆ ಆಡಿಸ್ತಿದ್ರು. ಅಫೇಸಿಯಾ ಇರೋರಲ್ಲಿ ಹೌದು ಇಲ್ಲ ಅನ್ನೋದು ಅದಲು ಬದಲಾಗೋದು ಸಾಮಾನ್ಯ, ಮುಖ ನೋಡಿ ಮರ್ಯಾದೆಗೆ ತಲೆ ಆಡಿಸೋದೂ ಸಾಮಾನ್ಯ. ಹಾಗಿದ್ರೂ ಫೈಲಲ್ಲಿ 'ರೋಗಿ ಒಪ್ಪಿದ್ದಾರೆ' ಅಂತ ಬರೆದುಬಿಟ್ರು. ಇನ್ನೊಬ್ರ ಫೈಲಲ್ಲಿ ಇದೇ ಥರ 'ರೋಗಿಗೆ ನಿರ್ಧಾರ ಮಾಡೋ ಶಕ್ತಿ ಇಲ್ಲ' ಅಂತಾನೂ ಬರೆದಿರ್ತಾರೆ, ಮಾತಾಡದೇ ಇದ್ದದ್ದಕ್ಕೆ. ಎರಡೂ ಅನ್ಯಾಯನೇ.

ಕೇಳೋ ರೀತಿ ಇದೆ, ಅದನ್ನ ಅದೇ ಕೇಂದ್ರದ ಸ್ಪೀಚ್ ಥೆರಪಿಸ್ಟ್ ಮಾಡಿ ತೋರಿಸಿದ್ರು, ಅವರಿಗೆ ನಾನು ಋಣಿ. ಟಿವಿ ಆಫ್ ಮಾಡಿ, ಜನರನ್ನ ಹೊರಗೆ ಕಳ್ಸಿ, ಅಪ್ಪ ಸುಸ್ತಾಗಿಲ್ಲದ ಹೊತ್ತು ನೋಡ್ಕೊಂಡು ಎದುರಿಗೆ ಕೂತ್ರು. ನಾವು ಪ್ರಿಂಟ್ ಹಾಕಿಸಿಕೊಟ್ಟಿದ್ದ ಮನೆ ಫೋಟೋ, ಕೇಂದ್ರದ ಫೋಟೋ ಎರಡನ್ನೂ ಮುಂದಿಟ್ಟು ಒಂದೇ ಪ್ರಶ್ನೆ, ಚಿಕ್ಕದಾಗಿ, ನಿಧಾನಕ್ಕೆ ಕೇಳಿ, ಸುಮ್ಮನೆ ಕಾದ್ರು. ನಾವಾಗಿದ್ರೆ ಅಷ್ಟು ಹೊತ್ತು ಕಾಯ್ತಿರ್ಲಿಲ್ಲ, ಮಧ್ಯ ಬಾಯಿ ಹಾಕ್ತಿದ್ವಿ. ಅಪ್ಪ ಎಡಗೈ ತಗೊಂಡು ಹೋಗಿ ಮನೆ ಫೋಟೋ ಮೇಲೆ ಇಟ್ರು. ಸ್ವಲ್ಪ ಹೊತ್ತು ಬಿಟ್ಟು ಫೋಟೋಗಳ ಜಾಗ ಅದಲು ಬದಲು ಮಾಡಿ ಮತ್ತೆ ಕೇಳಿದ್ರು, ಮತ್ತೆ ಮನೆ ಫೋಟೋನೇ. ಆಮೇಲೆ ಮನೆ ಒಳಗಿನ ಒಂದೊಂದೇ ಫೋಟೋ ತೋರಿಸ್ತಾ ಹೋದ್ರು, ಮೆಟ್ಟಿಲಿನ ಫೋಟೋ ಬಂದಾಗ ಅಪ್ಪ ಅದನ್ನ ಪಕ್ಕಕ್ಕೆ ತಳ್ಳಿಬಿಟ್ರು. ಅವರ ರೂಮ್ ಮಹಡಿ ಮೇಲಿತ್ತು, ಅಲ್ಲಿಗೇ ವಾಪಸ್ ಹೋದ್ರೆ ಖುಷಿಯಾಗ್ತಾರೆ ಅಂತ ಎಲ್ಲರೂ ಅದಕ್ಕೇ ತಯಾರಿ ಮಾಡ್ತಿದ್ವಿ, ಮೆಟ್ಟಿಲ ಭಯ ಅವರೊಳಗೆ ಕೂತಿದೆ ಅಂತ ಆವತ್ತೇ ಗೊತ್ತಾಗಿದ್ದು. ಮಂಚ ಕೆಳಗೆ ಬಂತು. ಬಾಯಲ್ಲಿ ಒಂದು ಮಾತು ಬರದ ಮನುಷ್ಯ ತಮ್ಮ ಡಿಸ್ಚಾರ್ಜ್ ಪ್ಲಾನನ್ನ ತಾವೇ ತಿದ್ದಿದ್ರು.

ಇದು ಯಾರೋ ಒಬ್ಬರ ಒಳ್ಳೇತನದಿಂದ ಆಗಬಾರದು, ನಿಯಮ ಆಗಬೇಕು. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ, 2008ರಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಹೇಳೋದೂ ಇದನ್ನೇ, ಎಲ್ಲಿ ಇರಬೇಕು ಯಾರ ಜೊತೆ ಇರಬೇಕು ಅಂತ ಆರಿಸ್ಕೊಳ್ಳೋ ಅವಕಾಶ ಬೇರೆಯವರಿಗೆ ಎಷ್ಟಿದೆಯೋ ಅಷ್ಟೇ ಇವರಿಗೂ ಇರಬೇಕು, ಇಂಥ ಕಡೆನೇ ಇರು ಅಂತ ಬಲವಂತ ಮಾಡಬಾರದು ಅಂತ. ಕೆಲವು ಡಾಕ್ಟರುಗಳು ಮನೇಲಿ ಬಿದ್ರೆ ಯಾರು ಹೊಣೆ ಅಂತಾರೆ. ಬೀಳೋ ಭಯ ನಿಜ, ಅದನ್ನ ಮುಚ್ಚಿಡದೆ ಹೇಳಿ, ಕಮ್ಮಿ ಮಾಡೋ ದಾರಿ ಹೇಳಿ, ಅಷ್ಟಾದ್ಮೇಲೂ ಆ ಮನುಷ್ಯ ನಂಗೆ ಮನೇನೇ ಬೇಕು ಅಂದ್ರೆ ಆ ಅಪಾಯ ತಗೊಳ್ಳೋ ಹಕ್ಕು ಅವರದ್ದು. ಬೀಳದ ಹಾಗೆ ಮಾಡೋಕೆ ಏಳೋಕೇ ಬಿಡದೆ ಇಡೋದು ನಂಗಂತೂ ಸರಿ ಕಾಣಲ್ಲ.

ಇದರ ಜೊತೆಗೆ ಇನ್ನೊಬ್ರನ್ನೂ ಬೇರೆಯಾಗಿ ಕೇಳ್ಬೇಕು, ನೋಡ್ಕೊಳ್ಳೋರನ್ನ. ರೋಗಿ ಮುಂದೆ, ನೆಂಟರ ಮುಂದೆ, ಡಾಕ್ಟರ್ ಮುಂದೆ "ನೋಡ್ಕೋತೀರಲ್ವಾ" ಅಂತ ಕೇಳಿದ್ರೆ ಯಾವ ಹೆಂಡತಿ, ಯಾವ ಮಗ, ಯಾವ ಸೊಸೆ ಇಲ್ಲ ಅಂತಾರೆ ಹೇಳಿ? ನಮ್ಮ ಅಮ್ಮಂಗೂ ವಯಸ್ಸಾಗಿದೆ, ಅವರಿಗೂ ಮಂಡಿ ನೋವು. ಅವರನ್ನ ಪಕ್ಕಕ್ಕೆ ಕರೆದು "ನಿಮ್ಮ ಕೈಲಿ ಯಾವುದು ಆಗುತ್ತೆ ಯಾವುದು ಆಗಲ್ಲ" ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಅಮ್ಮ ಹೇಳ್ತಿದ್ರು, ಊಟ ಸ್ನಾನ ಮಾತ್ರೆ ಎಲ್ಲ ಆಗುತ್ತೆ, ರಾತ್ರಿ ಎತ್ತಿ ಕೂರಿಸೋದು ಮಾತ್ರ ಆಗಲ್ಲ ಅಂತ. ಆ ಒಂದು ಉತ್ತರ ಸಿಕ್ಕಿದ್ರೆ ರಾತ್ರಿಗೆ ಒಬ್ರನ್ನ ಮೊದಲೇ ಹುಡುಕ್ತಿದ್ವಿ. ನಂ ಕೈಲಿ ಪೂರ್ತಿ ಆಗಲ್ಲ ಅನ್ನೋ ಮನೆಯೋರೂ ಇರ್ತಾರೆ, ಅವರನ್ನ ಕೆಟ್ಟೋರ ಥರ ನೋಡ್ಬೇಡಿ, ಆ ಮಾತು ಹೇಳೋಕೆ ಅವರು ಎಷ್ಟು ರಾತ್ರಿ ನಿದ್ದೆ ಕೆಟ್ಟಿರ್ತಾರೋ.

ಮನೆಗೆ ಬಂದ ಮೇಲಿನ ಮೊದಲ ಕೆಲವು ವಾರ. ಇಲ್ಲಿ ನಂಗೆ ಬೇಕಾಗಿದ್ದು ಒಂದು ಫೋನ್ ನಂಬರ್ ಅಷ್ಟೇ, ಆ ಕಡೆ ಅಪ್ಪನ ಹೆಸರು ಹೇಳಿದ ತಕ್ಷಣ ಗೊತ್ತಾಗೋ ಒಬ್ರು. ಕಾಲು ಊದಿದೆ, ಇದು ಮಾಮೂಲಿನಾ ಇಲ್ಲ ರಕ್ತ ಹೆಪ್ಪುಗಟ್ಟಿದ್ಯಾ? ಹಠಾತ್ತಾಗಿ ಅಳ್ತಾರೆ, ನೋವಿಗಾ? ಸ್ಟ್ರೋಕ್ ಆದೋರಲ್ಲಿ ಸುಮಾರು ಮೂರರಲ್ಲಿ ಒಬ್ರಿಗೆ ಡಿಪ್ರೆಶನ್ ಬರುತ್ತೆ, ಇನ್ನು ಕೆಲವರಿಗೆ ದುಃಖ ಇಲ್ಲದೆನೂ ಅಳು, ಖುಷಿ ಇಲ್ಲದೆನೂ ನಗು ಉಕ್ಕುತ್ತೆ, ಅದು ಬೇರೆ ತೊಂದರೆ, ಅದಕ್ಕೂ ಔಷಧಿ ಇದೆ, ಇದನ್ನೆಲ್ಲ ನಾವು ತುಂಬಾ ಲೇಟಾಗಿ ತಿಳ್ಕೊಂಡ್ವಿ. ಹಗಲೆಲ್ಲ ತೂಕಡಿಸ್ತಾರೆ, ಸೋಮಾರಿ ಆಗ್ಬಿಟ್ರು ಅಂತ ನೆಂಟರು ಬಂದು ಹೇಳಿ ಹೋದ್ರು, ಸ್ಟ್ರೋಕ್ ನಂತರದ ಸುಸ್ತು ಅನ್ನೋದೇ ಒಂದಿದೆ ಅಂತ ಮೊದಲೇ ಹೇಳಿದ್ರೆ ಅಪ್ಪನ ಕಿವಿಗೆ ಆ ಮಾತು ಬೀಳದ ಹಾಗೆ ನೋಡ್ಕೋತಿದ್ವಿ. ಇದಕ್ಕಿಂತ ದೊಡ್ಡದು ಇನ್ನೊಂದು ಸ್ಟ್ರೋಕ್ ಭಯ. ಒಟ್ಟು ಸ್ಟ್ರೋಕ್‌ಗಳಲ್ಲಿ ಸುಮಾರು ಕಾಲುಭಾಗ ಈಗಾಗ್ಲೇ ಒಂದ್ಸಲ ಆಗಿರೋರಿಗೇ ಆಗೋದು. ಮುಖ ಓರೆ, ಕೈ ಸೋಲು, ಮಾತು ತೊದಲು ಅಂತ ಗೋಡೆ ಮೇಲೆ ಪೋಸ್ಟರ್ ಹಾಕಿರ್ತೀರ, ಆದ್ರೆ ಮೊದಲೇ ಮುಖ ಓರೆ ಇರೋ, ಮಾತೇ ಬರದಿರೋ ಮನುಷ್ಯನಿಗೆ ಹೊಸ ಸ್ಟ್ರೋಕ್ ಬಂದ್ರೆ ಮನೆಯೋರು ಹೇಗೆ ಕಂಡುಹಿಡೀಬೇಕು? ನಿನ್ನೆ ಇಲ್ಲದ್ದು ಇವತ್ತು ಹಠಾತ್ತಾಗಿ ಬಂದಿದ್ಯಾ ಅಂತ ನೋಡಿ, ಇನ್ನೊಂದು ಪಕ್ಕದ ಕೈಕಾಲು ನೋಡಿ, ಅನುಮಾನ ಬಂದ್ರೆ ಫೋನ್ ಮಾಡಿ ಕೇಳ್ತಾ ಕೂರಬೇಡಿ ನೇರ ಆಸ್ಪತ್ರೆಗೆ ಹೊರಡಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ತಲುಪಬೇಕು ಅಂತ ಪ್ರತಿಯೊಬ್ಬ ಮನೆಯೋರಿಗೂ ಬಾಯಿಪಾಠ ಮಾಡಿಸಿ ಕಳ್ಸಿ.

ಇನ್ಶೂರೆನ್ಸ್‌ನೋರಿಗೆ ಎರಡು ಮಾತು. ಬೆಡ್ ದಿನದ ಲೆಕ್ಕಕ್ಕೆ ದುಡ್ಡು ಕೊಡ್ತೀರ, ಬಾಗಿಲು ಅಗಲ ಮಾಡೋಕೆ, ಹಿಡಿ ಹಾಕ್ಸೋಕೆ, ಮನೆಗೆ ಬರೋ ಥೆರಪಿಸ್ಟ್‌ಗೆ ಕೊಡಲ್ಲ. ಬಿದ್ದು ಸೊಂಟ ಮುರಿದು ಮತ್ತೆ ಆಸ್ಪತ್ರೆ ಸೇರಿದ್ರೆ ಆಗ ಕೊಡ್ತೀರ. ಈ ಲೆಕ್ಕ ಒಂದ್ಸಲ ಮತ್ತೆ ಹಾಕಿ ನೋಡಿ ದಯವಿಟ್ಟು. ವೀಲ್ ಚೇರು, ಕಮೋಡ್ ಚೇರು ರೋಗಿಗಿಂತ ಮುಂಚೆ ಮನೆ ಸೇರಿರ್ಬೇಕು, ಮಂಜೂರಾತಿ ಬರೋವರೆಗೆ ಅವರು ನೆಲದ ಹಾಸಿಗೇಲಿ ಕಾಯೋ ಹಾಗಾಗಬಾರದು. ಥೆರಪಿ ಮುಂದಿನ ದಿನಾಂಕ ಕೇಂದ್ರ ಬಿಡೋ ಮುಂಚೆನೇ ಬುಕ್ ಆಗಿರ್ಬೇಕು, ವಾರಗಟ್ಟಲೆ ಗ್ಯಾಪ್ ಬಿದ್ರೆ ಕಷ್ಟಪಟ್ಟು ಬಿಡಿಸಿದ್ದ ಬೆರಳು ಮತ್ತೆ ಮುಷ್ಟಿ ಕಟ್ಟುತ್ತೆ.

ಇಲಾಖೆಯೋರು ನಿಯಮ ಮಾಡೋಕೆ ಟೈಮ್ ಹಿಡಿಯುತ್ತೆ ಅಂತ ಗೊತ್ತು, ಕಾಯ್ತೀವಿ, ಕೇಳ್ತಾನೂ ಇರ್ತೀವಿ. ಕೇಂದ್ರ ನಡೆಸೋರು ಮಾತ್ರ ಅದಕ್ಕೆ ಕಾಯ್ಬೇಕಾಗಿಲ್ಲ. ಮುಂದಿನ ಎರಡು ವಾರದಲ್ಲಿ ಡಿಸ್ಚಾರ್ಜ್ ಆಗೋರ ಪಟ್ಟಿ ಇವತ್ತೇ ತೆಗೀರಿ. ಒಬ್ಬೊಬ್ಬರ ಹೆಸರಿನ ಮುಂದೆ ನೋಡಿ, ಬಾತ್‌ರೂಮ್ ಬಾಗಿಲ ಅಳತೆ ನಿಮ್ಮ ಹತ್ರ ಇದೆಯಾ, ರಾತ್ರಿ ಎಬ್ಬಿಸೋರು ಯಾರು ಅಂತ ಗೊತ್ತಾ, ಮನೆಯೋರು ನಿಮ್ಮ ಕಣ್ಣೆದುರಿಗೆ ಒಂದ್ಸಲನಾದ್ರೂ ಮಂಚದಿಂದ ಕುರ್ಚಿಗೆ ಕೂರಿಸಿದಾರಾ, ಹೋಗೋರನ್ನ ಅವರಿಗೆ ಅರ್ಥ ಆಗೋ ರೀತೀಲಿ ಕೇಳಿದೀರಾ, ಮನೆ ಸೇರಿದ ಮೇಲೆ ಫೋನ್ ಎತ್ತೋರ ಹೆಸರು ಬರೆದಿದೆಯಾ. ಯಾವ ಫೈಲಲ್ಲಿ ಇವು ಖಾಲಿ ಇದಾವೋ ಆ ಮನೆಗೆ ನಾಳೆ ಬೆಳಗ್ಗೆ ಫೋನ್ ಮಾಡಿ.

ಇಂತಿ,
ಸ್ಟ್ರೋಕ್ ಆದ ಅಪ್ಪನ್ನ ಮನೇಲಿ ನೋಡ್ಕೋತಿರೋ ಮಗಳು